ಸರ್ವರ್ ಗಡಿಯಾರ 7 ನಿಮಿಷ ಹಿಂದೆ: ಅನುಭವ ಇದ್ದವರು ಹೇಳಿ

ಕಪನೂರು ಬೇಳೆ ಮಿಲ್:
ಕಲಬುರಗಿಯ ನಮ್ಮ ಮಿಲ್ಲಿನ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಲೆಕ್ಕವೆಲ್ಲ ಇರುವ ಲಿನಕ್ಸ್ ಸರ್ವರ್ 7 ನಿಮಿಷ ಹಿಂದೆ ಬಿದ್ದಿದೆ. ಗೇಟಿನ ಕ್ಯಾಮೆರಾದಲ್ಲಿ ತೊಗರಿ ಲಾರಿ 10.05ಕ್ಕೆ ಒಳಗೆ ಬರುತ್ತದೆ, ತೂಕದ ಚೀಟಿಯಲ್ಲಿ 10 ಗಂಟೆ ಎಂದು ಅಚ್ಚಾಗುತ್ತದೆ. "ಬರುವ ಮೊದಲೇ ತೂಗಿಬಿಟ್ಟಿರಾ?" ಎಂದು ಲಾರಿ ಮಾಲೀಕರು ನಿನ್ನೆ ಜಗಳಕ್ಕೇ ನಿಂತರು. ನೆಟ್‌ನಿಂದ ಸಮಯ ಕೇಳಿ ಗಡಿಯಾರ ತಿದ್ದುವ ಕ್ರೋನಿ ಓಡುತ್ತಿದೆ. ಆದರೆ ಅದರ ಸೋರ್ಸಸ್ ಪಟ್ಟಿಯಲ್ಲಿ ಸಮಯ ಕೊಡುವ ನಾಲ್ಕೂ ಸರ್ವರ್‌ಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ, ರೀಚ್ 0. ರಾತ್ರಿ ಯಂತ್ರ ಆರಿಸಿ ಹೋಗುತ್ತೇವೆ. ಏನು ನೋಡಬೇಕು?

ನೆಹರೂ ಗಂಜ್ ಲೆಕ್ಕಿಗ:
ಬ್ಯಾಟರಿ ಸರ್, ಮದರ್‌ಬೋರ್ಡಿನ ಗಡಿಯಾರ ನಡೆಸುವ ಬ್ಯಾಟರಿ. ಹೋದ ವರ್ಷ ಮಾರ್ಚ್ ಕೊನೆಯ ವಾರ, ನಮಗೆ ಉಸಿರಾಡಲೂ ಪುರಸೊತ್ತು ಇಲ್ಲದ ಕಾಲ. ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರ ಜನವರಿ 1, 2015ಕ್ಕೆ ಹೋಗಿ ಕೂರುತ್ತಿತ್ತು. 60 ರೂಪಾಯಿ ಕೊಟ್ಟು ಸಿಆರ್2032 ಬದಲಿಸಿದೆ. ಮತ್ತೆ ಅದೇ. ರಿಪೇರಿಯವರು ಬೋರ್ಡೇ ಹೋಗಿದೆ ಎಂದರು: ಹಳೆಯ ಬೋರ್ಡಿಗೆ 4,200, ಪವರ್ ಸಪ್ಲೈಗೆ 1,350, ಮೂರು ಸಲ ಬಂದದ್ದಕ್ಕೆ 400ರಂತೆ 1,200. ಕೊನೆಗೆ ನನ್ನ ಅಳಿಯ ಮಲ್ಟಿಮೀಟರ್ ಹಿಡಿದು ಆ ಹೊಸ ಬ್ಯಾಟರಿಯನ್ನು ಅಳೆದರೆ 2.4 ವೋಲ್ಟ್! 3 ಇರಬೇಕಾದದ್ದು. ಅಂಗಡಿಯಲ್ಲೇ ಸತ್ತ ಮಾಲು. 6,810 ರೂಪಾಯಿ ನೀರಿನಲ್ಲಿ ಹೋಯಿತು.

ಎನ್‌ಟಿಪಿಡಿಯೂ (ಕ್ರೋನಿಯಂತೆ ಸಮಯ ತಿದ್ದುವುದು) ಕೈಕೊಟ್ಟಿತು. 1000 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದು ತಿದ್ದುವುದಿಲ್ಲ, ತಾನೇ ನಿಂತುಬಿಡುತ್ತದೆ. ಶುರು ಮಾಡುವಾಗ -ಜಿ ಎಂಬ ಆಯ್ಕೆ ಕೊಡಬೇಕೆಂದು ಪುಣ್ಯಾತ್ಮರು ಯಾರೂ ಹೇಳಲಿಲ್ಲ. 41 ವೋಚರ್‌ಗಳು 2015ರಲ್ಲಿ ಸಿಕ್ಕಿಕೊಂಡಿದ್ದವು, ಒಂದೊಂದನ್ನೇ ಕೈಯಿಂದ ಎತ್ತಿ ತಂದೆ.

ಬೀದರ್ ನೌಬಾದ್:
ನಾನು ಬ್ಯಾಟರಿಯನ್ನೂ ಇಂಟರ್‌ನೆಟ್ಟನ್ನೂ ನಂಬುವುದು ಬಿಟ್ಟು ಎರಡು ವರ್ಷವಾಯಿತು. ಉಪಗ್ರಹದಿಂದಲೇ ಸಮಯ ಪಡೆಯಲು ಮಾಳಿಗೆಯ ಮೇಲೆ ಜಿಪಿಎಸ್ ಆಂಟೆನಾ, ಕೆಳಗೆ ಸೆಕೆಂಡಿಗೊಂದು ಮಿಡಿತ ಕೊಡುವ ಮಾಡ್ಯೂಲ್. ಮಾಡ್ಯೂಲ್ 1,900, ಆಂಟೆನಾ 850, 15 ಮೀಟರ್ ಕೇಬಲ್ 1,100. ಮೊದಲ ವಾರವೇ ಮಂಗಗಳು ಆಂಟೆನಾ ಕಿತ್ತುಕೊಂಡು ಹೋದವು. ಇನ್ನೊಂದು 850. ಈ ಸಲ ಬುದ್ಧಿವಂತಿಕೆ ಮಾಡಿ ಎಣ್ಣೆಯ ತಗಡಿನ ಡಬ್ಬಿ ಕವಿಚಿದೆ. ತಗಡಿನೊಳಗೆ ಉಪಗ್ರಹ ಎಲ್ಲಿಂದ ಕಾಣಬೇಕು? ಎರಡು ದಿನ ಮಾಡ್ಯೂಲನ್ನೇ ಬಯ್ದೆ. ಈಗ ಪಿವಿಸಿ ಪೈಪಿನೊಳಗೆ ಇದೆ, ಮಂಗಗಳಿಗೆ ಆಸಕ್ತಿ ಇಲ್ಲ. ನನ್ನ ಗಡಿಯಾರ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ನಡೆಯುತ್ತದೆ. ಕಪನೂರಿನವರೂ ಇದನ್ನೇ ಮಾಡಲಿ.

ಜೇವರ್ಗಿ ರಸ್ತೆ ಸಿಸ್ಟಮ್ ಅಡ್ಮಿನ್:
ನೌಬಾದ್ ಸರ್, ಲಾರಿ ಕಾಟಾ ಹತ್ತಿ ನಿಲ್ಲುವುದಕ್ಕೇ ಎರಡು ನಿಮಿಷ ಬೇಕು. ಅವರಿಗೆ ಮೈಕ್ರೊಸೆಕೆಂಡ್ ಏಕೆ?

ನಮ್ಮದು ಆಸ್ಪತ್ರೆ, ವರ್ಚುವಲ್ ಮಷೀನ್: ಹೋಸ್ಟ್ ಎಂಬ ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರಿನಲ್ಲೇ ನಡೆಯುವ ಯಂತ್ರ. ಒಳಗೆ ಕ್ರೋನಿ ತಿದ್ದುತ್ತದೆ, ಹೊರಗಿನಿಂದ ಹೋಸ್ಟಿನ ಟೂಲ್ಸ್ ತಿದ್ದುತ್ತದೆ. ಒಂದೇ ಎತ್ತಿಗೆ ಎರಡು ಕಡೆ ಹಗ್ಗ. ಗಡಿಯಾರ 4 ಸೆಕೆಂಡ್ ಮುಂದೆ ಹಾರುವುದು, ಮತ್ತೆ ಹಿಂದೆ ಬರುವುದು. ನಂತರ ಬರೆದ ದಾಖಲೆ ಮೊದಲಿನದಾಗಿ ಕೂರುತ್ತಿತ್ತು. ಮೂರು ರಾತ್ರಿ ಸರ್ವರ್ ಕೋಣೆಯಲ್ಲಿ ಶಾಲು ಹೊದ್ದು ಕುಳಿತೆ, ಹೊರಗೆ ಬೇಸಿಗೆ, ಒಳಗೆ ಎಸಿಗೆ ಹಲ್ಲು ಕಟಕಟ. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಡುವಾಗ ಸ್ಕೂಟರಿನ ಮೇಲೆಯೇ ತೂಕಡಿಕೆ. ಕೊನೆಗೆ ಹೋಸ್ಟಿನ ಸಮಯ ಹೊಂದಾಣಿಕೆ ಆರಿಸಿದೆ, ಅಷ್ಟೇ. ಮೇಲಿನವರು ಎರಡು ಸಾಲಿನ ಮೇಲ್ ಕೂಡ ಬರೆಯಲಿಲ್ಲ.

ರೀಚ್ 0 ಎಂದರೆ ಹಿಂದಿನ ಎಂಟು ಸಲದಲ್ಲಿ ಒಂದು ಉತ್ತರವೂ ಬಂದಿಲ್ಲ ಎಂದು. ಸಮಯ ಕೇಳುವ ಪೋರ್ಟ್, ಯುಡಿಪಿ 123, ಹೊರಗೆ ಹೋಗುತ್ತಿದೆಯೇ ನೋಡಿ. ಮತ್ತು ಎನ್‌ಐಸಿ (ಸರ್ಕಾರದ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್‌ಗೇ ಹೊಂದಿಸಿ, 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಹೇಳುವುದೂ ಅದನ್ನೇ.

ಬೀದರ್ ನೌಬಾದ್:
ಮೇಡಂ, ನಿರ್ದೇಶನ ನನಗೂ ಓದಲು ಬರುತ್ತದೆ. ಇಂಟರ್‌ನೆಟ್ ಕೇಬಲ್ ಕತ್ತರಿಸಿದ ದಿನ ನಿಮ್ಮ ಎನ್‌ಐಸಿ ಮಾಳಿಗೆ ಹತ್ತಿ ಬರುತ್ತದೆಯೇ? ಅಷ್ಟಕ್ಕೂ ನಿಖರ ಸಮಯ ಎಂದು ಯಾವುದಕ್ಕೆ ಹೇಳುತ್ತೀರಿ? ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೀದರ್ 77.5ರ ಹತ್ತಿರ. ಸರಾಸರಿ 12.20ಕ್ಕೆ ನಮ್ಮ ನೆತ್ತಿಯ ಮೇಲೆ ಸೂರ್ಯ ಬರುತ್ತಾನೆ.

ಜೇವರ್ಗಿ ರಸ್ತೆ ಸಿಸ್ಟಮ್ ಅಡ್ಮಿನ್:
ಹಾಗಾದರೆ ಸೂರ್ಯನಿಗೇ ಒಂದು ಕೇಬಲ್ ಎಳೆಯಿರಿ.

ಯಾದಗಿರಿ ಕಂಪ್ಯೂಟರ್ ಮೇಷ್ಟ್ರು:
ನಮ್ಮ ಲ್ಯಾಬಿನ 22 ಯಂತ್ರಗಳಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ವಿಂಡೋಸ್ ಬೋರ್ಡಿನ ಗಡಿಯಾರಕ್ಕೆ ಭಾರತೀಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ. ಐದೂವರೆ ಗಂಟೆ ಮುಂದೆ! ಪ್ರಾಯೋಗಿಕ ಪರೀಕ್ಷೆಯ ದಿನ ಮಕ್ಕಳ ಕಡತಗಳೆಲ್ಲ ಸಂಜೆಯ ಸಮಯ ತೋರಿಸಿ, ಪರೀಕ್ಷೆ ಮುಗಿದ ಮೇಲೆ ಬರೆಸಿದ್ದು ಎಂದು ನನ್ನ ಮೇಲೇ ಬಂತು. ಲಿಖಿತ ವಿವರಣೆ ಕೊಟ್ಟೆ, ಅದೂ ಎರಡು ಸಲ.

ನೆಹರೂ ಗಂಜ್ ಲೆಕ್ಕಿಗ:
ಅವರದು 7 ನಿಮಿಷ ಮೇಷ್ಟ್ರೇ, ಐದೂವರೆ ಗಂಟೆಯ ಕಥೆ ಏಕೆ?

ಯಾದಗಿರಿ ಕಂಪ್ಯೂಟರ್ ಮೇಷ್ಟ್ರು:
7 ನಿಮಿಷಕ್ಕೂ ಉತ್ತರ ಇದೆ. ಬೋರ್ಡಿನ ಗಡಿಯಾರಕ್ಕೆ ಮಿಡಿತ ಕೊಡುವ 32,768 ಹರ್ಟ್ಸ್ ಹರಳು ಸರಿಯಾಗಿ ನಡೆಯುವುದು 25 ಡಿಗ್ರಿಯ ಆಸುಪಾಸಿನಲ್ಲಿ. 45 ಆದರೆ ದಿನಕ್ಕೆ ಸುಮಾರು 1.2 ಸೆಕೆಂಡ್ ಹಿಂದೆ. ವರ್ಷಕ್ಕೆ ಗುಣಿಸಿ.

ನೆಹರೂ ಗಂಜ್ ಲೆಕ್ಕಿಗ:
ವರ್ಷವಿಡೀ 45? ಕಲಬುರಗಿಯ ಬಿಸಿಲನ್ನು ಬಯ್ಯಲು ಯಾದಗಿರಿಯವರೇ ಬೇಕಿತ್ತು.

ಜೇವರ್ಗಿ ರಸ್ತೆ ಸಿಸ್ಟಮ್ ಅಡ್ಮಿನ್:
ಮೇಷ್ಟ್ರೇ, ಲಿನಕ್ಸ್ ಆ ಹರಳನ್ನು ಓದುವುದು ಬೂಟ್ ಆಗುವಾಗ ಮಾತ್ರ. ಆದರೆ ಇವರು ದಿನವೂ ಆರಿಸುತ್ತಾರೆ, ಹಾಗಾಗಿ ನಿಮ್ಮ ಮಾತಿನಲ್ಲಿ ಅರ್ಧ ಹುರುಳಿದೆ.

ಯಾದಗಿರಿ ಕಂಪ್ಯೂಟರ್ ಮೇಷ್ಟ್ರು:
ಅರ್ಧಕ್ಕೂ ಧನ್ಯವಾದ.

ಕಪನೂರು ಬೇಳೆ ಮಿಲ್:
ರೂಟರ್ ತೆರೆದು ನೋಡಿದೆ. ಕ್ಯಾಮೆರಾ ಹಾಕಲು ಬಂದವರು ಹೊರಹೋಗುವ ಯುಡಿಪಿ 123 ಮುಚ್ಚಿ ಹೋಗಿದ್ದರು. ಕಾಟಾದ ಸಾಫ್ಟ್‌ವೇರ್ ನಿಲ್ಲಿಸಿ ಪೋರ್ಟ್ ಬಿಟ್ಟೆ. ಮೊದಲ ಅಳತೆಗಳಲ್ಲೇ ಗಡಿಯಾರ 7 ನಿಮಿಷ ಮುಂದೆ ಹಾರಿತು. ರೀಚ್ 1, 3, 7, 17 ಎಂದು ಏರುತ್ತಾ 377ಕ್ಕೆ ಬಂದು ನಿಂತಿದೆ. ಅದಕ್ಕಿಂತ ಮೇಲೆ ಹೋಗುತ್ತಿಲ್ಲ, ಪರವಾಗಿಲ್ಲವೇ?

ಜೇವರ್ಗಿ ರಸ್ತೆ ಸಿಸ್ಟಮ್ ಅಡ್ಮಿನ್:
ಅದು ಅಷ್ಟಮಾನದ ಲೆಕ್ಕ, 0ಯಿಂದ 7ರವರೆಗಿನ ಅಂಕಿಗಳಷ್ಟೇ. 377 ಎಂದರೆ ಎಂಟಕ್ಕೆ ಎಂಟು.

ನೆಹರೂ ಗಂಜ್ ಲೆಕ್ಕಿಗ:
ಆದರೂ ಬ್ಯಾಟರಿ ಒಮ್ಮೆ ಅಳೆದಿಡಿ ಸರ್.

ಬೀದರ್ ನೌಬಾದ್:
60 ರೂಪಾಯಿ ಕೊಟ್ಟಿರಾ? ನಮ್ಮಲ್ಲಿ 30ಕ್ಕೆ ಸಿಗುತ್ತದೆ.

ನೆಹರೂ ಗಂಜ್ ಲೆಕ್ಕಿಗ:
ಎಷ್ಟು ವೋಲ್ಟಿನದು, ಅದನ್ನು ಹೇಳಿ ಮೊದಲು.