911ಕ್ಕೆ ಹುಸಿ ಕರೆ, ಬಾಗಿಲಲ್ಲಿ ಬಂದೂಕು: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ನಿರ್ವಾಹಕರು: ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ನಮ್ಮ ಗುಂಪಿನಲ್ಲಿ ವಾರದಿಂದ ಇದೇ ಮಾತು. ತುರ್ತು ಸಂಖ್ಯೆಯಾದ 911ಕ್ಕೆ ಸುಳ್ಳು ಹೇಳಿ ಇನ್ನೊಬ್ಬರ ಮನೆಗೆ ಸಶಸ್ತ್ರ ಪೊಲೀಸರನ್ನು ಕಳುಹಿಸುವುದಕ್ಕೆ ಇಲ್ಲಿ ಸ್ವಾಟಿಂಗ್ ಎನ್ನುತ್ತಾರೆ. ಹಾಸನದವರಾದ ನಮ್ಮ ಸದಸ್ಯೆಯೊಬ್ಬರು 16 ವರ್ಷ 911 ಕೊಠಡಿಯಲ್ಲಿ ಕರೆ ಸ್ವೀಕರಿಸಿ, ಈಗ ಹೊಸಬರಿಗೆ ತರಬೇತಿ ಕೊಡುತ್ತಿದ್ದಾರೆ. ಇಂದು ಸಂಜೆಯವರೆಗೆ ಅವರನ್ನು ಕೇಳಬಹುದು.

ನ್ಯೂಜೆರ್ಸಿ ಸದಸ್ಯ: ನಮಸ್ಕಾರ ಮೇಡಂ. ಊರಿಗೆ ಫೋನ್ ಮಾಡಲು ಹೋಗಿ ತಪ್ಪಿ 911 ಒತ್ತಿದರೆ ದಂಡ ಹಾಕುತ್ತಾರೆಯೇ?

ಮೇಡಂ: ನಮಸ್ಕಾರ. ಕೈತಪ್ಪಿ ಒತ್ತಿದ್ದು ಅಪರಾಧವಲ್ಲ. ಗಾಬರಿಯಿಂದ ಫೋನ್ ಇಟ್ಟುಬಿಡುವುದೇ ತಪ್ಪು. ಇಟ್ಟರೆ ನಾವು ತಿರುಗಿ ಕರೆ ಮಾಡುತ್ತೇವೆ. ನೀವು ಎತ್ತದಿದ್ದರೆ ಪೊಲೀಸ್ ಕಾರು ಮನೆಗೆ ಬರಬಹುದು. ಲೈನಿನಲ್ಲೇ ಇದ್ದು “ತಪ್ಪಿ ಒತ್ತಿದೆ, ಎಲ್ಲರೂ ಕ್ಷೇಮ” ಎಂದರೆ ಮುಗಿಯಿತು. ದೆಹಲಿಗೆ ಕರೆ ಮಾಡುವವರು ಇಲ್ಲಿಂದ ಹೊರದೇಶಕ್ಕೆ ಮೊದಲು ಒತ್ತಬೇಕಾದ 011 ಮರೆತು ಭಾರತದ 91, ಅದರ ಹಿಂದೆಯೇ ದೆಹಲಿಯ 11 ಒತ್ತುತ್ತಾರೆ. ಮೂರನೆಯ ಅಂಕಿಗೇ ಅದು 911 ಆಗಿಬಿಡುತ್ತದೆ. ಅಂಥ ಕರೆಗಳನ್ನು ನಾನು ಎಷ್ಟೋ ಸಲ ತೆಗೆದುಕೊಂಡಿದ್ದೇನೆ.

ಅಟ್ಲಾಂಟ ಸದಸ್ಯ: ಎಲ್ಲ ಗುಂಪುಗಳಲ್ಲೂ ಬಂದಿರುವ ಸಂದೇಶ ಇದು, ನಮ್ಮವರಿಗೂ ಉಪಯೋಗವಾಗಲಿ: “ಪೊಲೀಸರು ಬಾಗಿಲು ಬಡಿದರೆ ದೀಪ ಆರಿಸಿ. ಮಕ್ಕಳನ್ನು ಬಟ್ಟೆ ಬೀರುವಿನಲ್ಲಿ ಕೂರಿಸಿ. ಬಾಗಿಲು ತೆರೆಯದೆ, ವಾರಂಟನ್ನು ಕೆಳಗಿನ ಸಂದಿಯಿಂದ ತೂರಿಸಲು ಹೇಳಿ. ಯಾರೂ ಒಳಗೆ ಬರಲಾರರು.”

ಮೇಡಂ: ದಯವಿಟ್ಟು ಇದನ್ನು ಅಳಿಸಿ. ವಿಚಾರಣೆಗೆಂದು ಹಗಲು ಹೊತ್ತಿನಲ್ಲಿ ಬಂದ ಪೊಲೀಸರಿಗೆ ವಾರಂಟ್ ಕೇಳುವುದು ನಿಮ್ಮ ಹಕ್ಕು. ಹುಸಿ ಕರೆಯ ರಾತ್ರಿ ಅವರು ಬಂದಿರುವುದು “ಒಳಗೆ ಒಬ್ಬನನ್ನು ಕೊಂದಿದ್ದಾನೆ, ಉಳಿದವರನ್ನು ಒತ್ತೆಯಿಟ್ಟುಕೊಂಡಿದ್ದಾನೆ” ಎಂಬ ಮಾತನ್ನು ನಂಬಿ. ಜೀವ ಅಪಾಯದಲ್ಲಿದೆ ಎಂದಾಗ ಒಳನುಗ್ಗಲು ವಾರಂಟ್ ಬೇಕಿಲ್ಲ. ಇದ್ದಕ್ಕಿದ್ದಂತೆ ದೀಪ ಆರಿತು, ಬೀರುವಿನೊಳಗೆ ಏನೋ ಅಲ್ಲಾಡಿತು ಎಂದರೆ ಬಂದೂಕು ಹಿಡಿದವನಿಗೆ ಏನನ್ನಿಸುತ್ತದೆ, ಯೋಚಿಸಿ. ಮಕ್ಕಳ ವಿಷಯದಲ್ಲಿ ಇಂಥದ್ದನ್ನು ಮುಂದೆ ಕಳುಹಿಸುವ ಮೊದಲು ಒಂದು ಸಲ ಓದಬಾರದೇ?

ಡಲ್ಲಾಸ್ ಬಳಿಯ ತಾಯಿ: ಅಕ್ಕ, ನನಗೆ ಕೈಕಾಲು ಆಡುತ್ತಿಲ್ಲ. 15 ವರ್ಷದ ಮಗ ಆನ್‌ಲೈನ್ ಆಟದಲ್ಲಿ ಯಾರೊಂದಿಗೋ ಜಗಳವಾಡಿದ್ದಾನೆ. ಆ ಹುಡುಗ ನಮ್ಮ ಮನೆಯ ವಿಳಾಸವನ್ನು ಪೂರ್ತಿ ಬರೆದು, “ಶನಿವಾರ ರಾತ್ರಿ ಅತಿಥಿಗಳು ಬರುತ್ತಾರೆ” ಎಂದಿದ್ದಾನೆ. ಶಿವಮೊಗ್ಗದಿಂದ ನನ್ನ ಮಾವ ಬಂದಿದ್ದಾರೆ. ಕಿವಿ ಮಂದ, ಇಂಗ್ಲಿಷ್ ಬರುವುದಿಲ್ಲ. ಬಾಗಿಲ ಪಕ್ಕದ ಕೋಣೆಯಲ್ಲೇ ಮಲಗುತ್ತಾರೆ. ಸದ್ದಾದರೆ ಮೊದಲು ಏಳುವವರು ಅವರೇ.

ಮೇಡಂ: ತಂಗಿ, ಉಳಿದವರೆಲ್ಲ ಸ್ವಲ್ಪ ಕಾಯಲಿ. ಇದನ್ನು ನಿಧಾನವಾಗಿ ಓದಿ.

ಮಗ ಆ ಮಾತುಕತೆಯನ್ನು ಅಳಿಸದಂತೆ ಮೊದಲು ನೋಡಿಕೊಳ್ಳಿ. ವಿಳಾಸ, ಆ ಆಟಗಾರನ ಹೆಸರು, ಸಮಯ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ನಂತರ ನಿಮ್ಮ ಊರಿನ ಪೊಲೀಸರ ತುರ್ತಲ್ಲದ ಸಂಖ್ಯೆಗೆ ಇವತ್ತೇ ಕರೆ ಮಾಡಿ, ಸ್ವಾಟಿಂಗ್ ಬೆದರಿಕೆ ಬಂದಿದೆ, ನಮ್ಮ ವಿಳಾಸದ ಮೇಲೆ ಸೂಚನೆ ಹಾಕಿ ಎಂದು ಕೇಳಿ. ಸೂಚನೆ ಹಾಕಿದ್ದರೆ, ಆ ವಿಳಾಸದ ಕರೆ ಬಂದಾಗ ಅದು ನಮ್ಮ ಪರದೆಯ ಮೇಲೆ ಮೂಡುತ್ತದೆ. ಸಿಯಾಟಲ್ ಪೊಲೀಸರು 2018ರಲ್ಲೇ ಇದಕ್ಕಾಗಿ ನೋಂದಣಿ ಶುರುಮಾಡಿದರು. ನಿಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ ಎಂದರೂ ಫೋನ್ ಇಡಬೇಡಿ. ಠಾಣೆಗೆ ಹೋಗಿ ಒಬ್ಬ ಅಧಿಕಾರಿಯ ಎದುರು ಕುಳಿತು ದೂರು ಬರೆಸಿ. ಮನೆಯಲ್ಲಿ ಕಿವಿ ಕೇಳದ, ಇಂಗ್ಲಿಷ್ ಬಾರದ ಹಿರಿಯರಿದ್ದಾರೆ, ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದನ್ನೂ ಬರೆಸಿ. ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಶನಿವಾರ ರಾತ್ರಿ ಅದನ್ನು ದಿಂಬಿನ ಬಳಿ ಇಟ್ಟುಕೊಳ್ಳಿ.

ಈ ಸಂಖ್ಯೆ ಏಕೆ ಮುಖ್ಯ ಎಂದರೆ, ಒಂದು ರಾತ್ರಿ ನನಗೇ ಇಂಥ ಕರೆ ಬಂದಿತ್ತು. ಹೆಂಡತಿಗೆ ಗುಂಡು ಹೊಡೆದೆ ಎಂದ. ನಾನು ಕೇಳುವ ಮೊದಲೇ ಪಿನ್ ಕೋಡ್ ಸಹಿತ ವಿಳಾಸ ಒಪ್ಪಿಸಿದ. ನಿಜವಾಗಿ ಹಾಗಾದ ಮನೆಯಿಂದ ಕರೆ ಮಾಡುವವರಿಗೆ ಬೀದಿಯ ಹೆಸರೂ ನೆನಪಾಗುವುದಿಲ್ಲ. ಹಿಂದೆ ಒಂದು ಅಳು ಇಲ್ಲ, ನಾಯಿಯ ಬೊಗಳಿಕೆ ಇಲ್ಲ, ಕೋಣೆಯ ಮಾರ್ದನಿ ಇಲ್ಲ. ಕೀಲಿಮಣೆಯ ಟಕಟಕ ಮಾತ್ರ ಕೇಳುತ್ತಿತ್ತು. ಸುಳ್ಳು ಎನ್ನಿಸಿತು. ಆದರೂ ಪೊಲೀಸರನ್ನು ಕಳುಹಿಸದೆ ಇರುವ ಅಧಿಕಾರ ನನಗಿರಲಿಲ್ಲ, ಇರಲೂಬಾರದು. ನನ್ನ ಅನಿಸಿಕೆ ತಪ್ಪಾಗಿದ್ದರೆ ಅಲ್ಲೊಬ್ಬಳು ಸಾಯುತ್ತಾಳೆ. ನಾನು ಮಾಡಿದ್ದು ಇಷ್ಟೆ: ಅನುಮಾನವಿದೆ ಎಂದು ರೇಡಿಯೊದಲ್ಲಿ ಮೂರು ಸಲ ಹೇಳಿ, ಆ ಮನೆಯ ಫೋನ್ ಹುಡುಕಿ ಕರೆ ಮಾಡಿದೆ. ನಿದ್ದೆಗಣ್ಣಿನ ಅಜ್ಜಿಯೊಬ್ಬರು ಎತ್ತಿದರು. ಅಷ್ಟು ಹೊತ್ತಿಗೆ ಅವರ ಅಂಗಳದಲ್ಲಿ ಆರು ಜನ ಬಂದೂಕು ಹಿಡಿದು ನಿಂತಿದ್ದರು.

ಕ್ಯಾನ್ಸಸ್‌ನ ವಿಚಿಟಾದಲ್ಲಿ ಹಾಗಾಗಲಿಲ್ಲ, ಒಬ್ಬನ ಜೀವ ಹೋಯಿತು. 2017ರ ಡಿಸೆಂಬರ್ 28. ಒಂದೂವರೆ ಡಾಲರ್ ಪಣದ ಆಟಕ್ಕೆ ಇಬ್ಬರ ನಡುವೆ ಜಗಳ. ಒಬ್ಬ ತಾನು ಹಿಂದೆ ವಾಸವಿದ್ದ ಮನೆಯ ವಿಳಾಸ ಕೊಟ್ಟು, ತಾಕತ್ತಿದ್ದರೆ ಕಳುಹಿಸು ಎಂದ. ಇನ್ನೊಬ್ಬನ ಪರವಾಗಿ ಲಾಸ್ ಏಂಜಲೀಸ್‌ನಲ್ಲಿದ್ದ ಟೈಲರ್ ಬ್ಯಾರಿಸ್ ಎಂಬವನು ವಿಚಿಟಾ ನಗರಾಡಳಿತದ ಕಚೇರಿಗೆ ಕರೆ ಮಾಡಿ, ತಂದೆಯನ್ನು ಕೊಂದಿದ್ದೇನೆ, ಮನೆಗೆಲ್ಲ ಪೆಟ್ರೋಲ್ ಸುರಿದಿದ್ದೇನೆ ಎಂದ. ಅಲ್ಲಿಂದ ಕರೆ 911ಕ್ಕೆ ಹೋಯಿತು. ಆ ಮನೆಯಲ್ಲಿದ್ದ 28 ವರ್ಷದ ಆ್ಯಂಡ್ರ್ಯೂ ಫಿಂಚ್‌ಗೂ ಜಗಳಕ್ಕೂ ಸಂಬಂಧವೇ ಇಲ್ಲ. ಬಾಗಿಲು ತೆರೆದ, ಕೆಲವೇ ಕ್ಷಣಗಳಲ್ಲಿ ರಸ್ತೆಯಾಚೆಯಿಂದ ಗುಂಡು ಬಂತು. ಕೈ ಸೊಂಟದತ್ತ ಹೋಯಿತು ಎಂಬುದು ಪೊಲೀಸರ ಹೇಳಿಕೆ. ಅವನ ಬಳಿ ಆಯುಧವಿರಲಿಲ್ಲ. ಬ್ಯಾರಿಸ್‌ಗೆ 2019ರಲ್ಲಿ 20 ವರ್ಷ ಜೈಲಾಯಿತು. ಗುಂಡು ಹಾರಿಸಿದವನ ಮೇಲೆ ಮೊಕದ್ದಮೆಯೇ ಆಗಲಿಲ್ಲ.

ಕೈ ಸೊಂಟದತ್ತ ಹೋಯಿತು ಎಂಬ ಆ ಮಾತಿಗಾಗಿಯೇ ಇದನ್ನೆಲ್ಲ ಹೇಳಿದೆ. ನಿಮ್ಮ ಮಾವ ರಾತ್ರಿ ಪಂಚೆ ಉಡುತ್ತಾರಲ್ಲವೇ? ನಮ್ಮ ತಂದೆಯೂ ಹಾಗೆಯೇ. ಹಾಸಿಗೆಯಿಂದ ಎದ್ದ ಕೂಡಲೇ ಎರಡೂ ಕೈ ಸೊಂಟಕ್ಕೆ ಹೋಗುತ್ತವೆ, ಸಡಿಲವಾದ ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಳ್ಳಲು. ನಮಗದು ಮರ್ಯಾದೆ. ಕಣ್ಣಿಗೆ ಟಾರ್ಚ್ ಬಿಟ್ಟು ಇಪ್ಪತ್ತು ಅಡಿ ದೂರದಲ್ಲಿ ನಿಂತವನಿಗೆ ಕಾಣುವುದು ಸೊಂಟಕ್ಕೆ ಹೋದ ಕೈ ಮಾತ್ರ. ಈ ವಾರ ಅವರನ್ನು ಮಹಡಿಯ ಕೋಣೆಗೆ ಕಳುಹಿಸಿ. ಲಾಡಿಯ ಪೈಜಾಮ ಹಾಕಿಸಿ. ಬಾಗಿಲಿಗೆ ಹೋಗುವವರು ನೀವು ಇಲ್ಲವೇ ನಿಮ್ಮ ಯಜಮಾನರು. ಕೈಯಲ್ಲಿ ಮೊಬೈಲ್ ಕೂಡ ಬೇಡ, ಬೆರಳು ಬಿಡಿಸಿ ಕೈ ಮೇಲೆತ್ತಿ, ಹೇಳಿದಷ್ಟನ್ನೇ ನಿಧಾನವಾಗಿ ಮಾಡಿ. ವಾದವನ್ನು ಬೆಳಗ್ಗೆ ವಕೀಲರ ಮೂಲಕ ಮಾಡಬಹುದು.

ಹ್ಯೂಸ್ಟನ್ ಸದಸ್ಯ: ಇಷ್ಟೆಲ್ಲ ಏಕೆ? ಟೆಕ್ಸಾಸ್‌ನಲ್ಲಿದ್ದೀರಿ, ಒಂದು ಬಂದೂಕು ಇಟ್ಟುಕೊಳ್ಳಿ. ನನ್ನ ಮನೆಗೆ ನುಗ್ಗಿದವರನ್ನು ತಡೆಯುವ ಹಕ್ಕು ಕಾನೂನೇ ಕೊಟ್ಟಿದೆ.

ಚಿಕಾಗೊ ಸದಸ್ಯೆ: ಅಣ್ಣ, ಲೂಯಿವಿಲ್‌ನ ಬ್ರಿಯಾನಾ ಟೇಲರ್ ಮನೆಯಲ್ಲಿ 2020ರ ಮಾರ್ಚ್‌ನಲ್ಲಿ ಆದದ್ದು ಅದೇ. ಬಾಗಿಲು ಒಡೆದ ಪೊಲೀಸರನ್ನು ಕಳ್ಳರೆಂದು ತಿಳಿದು ಅವಳ ಗೆಳೆಯ ಒಂದು ಗುಂಡು ಹಾರಿಸಿದ. ಪೊಲೀಸರು ತಿರುಗಿ ಹಾರಿಸಿದ ಗುಂಡುಗಳಿಗೆ ಸತ್ತವಳು ಅವಳು. ಅವನ ಮೇಲಿನ ಆರೋಪ ಆಮೇಲೆ ಬಿದ್ದುಹೋಯಿತು. ಅವಳು ಬಂದಳೇ?

ಹ್ಯೂಸ್ಟನ್ ಸದಸ್ಯ: ಅದು ಸ್ವಾಟಿಂಗ್ ಅಲ್ಲ, ವಾರಂಟ್ ದಾಳಿ. ವಿಷಯ ಬೆರೆಸಬೇಡಿ.

ಚಿಕಾಗೊ ಸದಸ್ಯೆ: ಬೆರೆತೇ ಇದೆ. ರಾತ್ರೋರಾತ್ರಿ ಬಾಗಿಲು ಒಡೆಯುವುದು ಮಾಮೂಲಿಯಾದದ್ದರಿಂದಲೇ ಒಬ್ಬ ಹುಡುಗ ಫೋನಿನಲ್ಲಿ ಅದನ್ನು ಊಟ ತರಿಸಿದಂತೆ ತರಿಸುತ್ತಿದ್ದಾನೆ.

ಸ್ಯಾನ್ ಹೋಸೆ ಸದಸ್ಯ: ಈ ದೇಶದ ಅನ್ನ ತಿಂದು ಇಲ್ಲಿನ ಪೊಲೀಸರನ್ನೇ ಬೈಯುವುದು ಸರಿಯಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ಚಿಕಾಗೊ ಸದಸ್ಯೆ: ತೆರಿಗೆ ಕಟ್ಟಿ ತಿನ್ನುತ್ತಿದ್ದೇನೆ ಸರ್. ವಿಚಿಟಾ ನಗರ ಫಿಂಚ್ ಕುಟುಂಬಕ್ಕೆ 2023ರಲ್ಲಿ 50 ಲಕ್ಷ ಡಾಲರ್ ಕೊಟ್ಟದ್ದೂ ಜನರ ತೆರಿಗೆಯಿಂದಲೇ.

ಫೀನಿಕ್ಸ್ ಸದಸ್ಯ: ಮೇಡಂ, ಪೊಲೀಸರು ಒಡೆದ ಬಾಗಿಲಿಗೆ ಮನೆಯ ವಿಮೆ ಸಿಗುತ್ತದೆಯೇ?

ಎಡಿಸನ್ ಸದಸ್ಯೆ: ತಪ್ಪಿ 911 ಒತ್ತಿದರೆ ಕೇಸ್ ಆಗುತ್ತದೆಯೇ ಮೇಡಂ?

ಮೇಡಂ: ಮೊದಲ ಉತ್ತರ ಓದಿ.

ಹ್ಯೂಸ್ಟನ್ ಸರ್, ಬಂದೂಕು ಹಿಡಿದು ಬಾಗಿಲಿಗೆ ಬಂದರೆ ಹುಸಿ ಕರೆ ಮಾಡಿದವನ ಕಥೆಯನ್ನು ನೀವೇ ನಿಜ ಮಾಡಿ ತೋರಿಸಿದಂತೆ. ಇನ್ನು ಪೊಲೀಸರ ವಿಷಯ. ನಾನು ಅವರೊಂದಿಗೆ 16 ವರ್ಷ ದುಡಿದವಳು, ಇಬ್ಬರ ಅಂತ್ಯಸಂಸ್ಕಾರಕ್ಕೆ ಹೋಗಿಬಂದಿದ್ದೇನೆ. ಆದರೂ ಹೇಳುತ್ತೇನೆ, ಚಿಕಾಗೊ ತಂಗಿಯ ಮಾತು ಸರಿ. ಸ್ವಾಟ್ ಎಂಬ ವಿಶೇಷ ಸಶಸ್ತ್ರ ಪೊಲೀಸ್ ಪಡೆಗಳು 1960ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ್ದು ಒತ್ತೆಯಾಳು, ಗುಂಡಿನ ದಾಳಿಯಂಥ ಅಪರೂಪದ ಹೊತ್ತಿಗೆ. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2011–12ರ 800ಕ್ಕೂ ಹೆಚ್ಚು ಕಾರ್ಯಾಚರಣೆಗಳ ದಾಖಲೆ ನೋಡಿ 2014ರಲ್ಲಿ ವರದಿ ಕೊಟ್ಟಿತು. ಅಂಥ ಹೊತ್ತಿನವು ಶೇ 7 ಮಾತ್ರ. ಶೇ 79 ಬರೀ ಶೋಧನಾ ವಾರಂಟ್ ಜಾರಿಗೆ, ಹೆಚ್ಚಿನವು ಮಾದಕ ವಸ್ತು ಹುಡುಕಲು. ಅದೇ 2014ರಲ್ಲಿ ಜಾರ್ಜಿಯಾದಲ್ಲಿ 19 ತಿಂಗಳ ಕೂಸು ಮಲಗಿದ್ದ ತೊಟ್ಟಿಲೊಳಗೆ ಅಂಥ ಪಡೆ ಎಸೆದ ಸಿಡಿಗುಂಡು ಬಿತ್ತು. ಹುಡುಕಿಕೊಂಡು ಹೋದ ಮನುಷ್ಯ ಆ ಮನೆಯಲ್ಲಿ ಇರಲೇ ಇಲ್ಲ. ಕೂಸಿನ ಎದೆ, ಮುಖ ಸುಟ್ಟವು. ಒಬ್ಬರನ್ನು ಕಳುಹಿಸಿ ಬಾಗಿಲು ತಟ್ಟಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದವರನ್ನು ದ್ರೋಹಿ ಎನ್ನಬೇಡಿ.

ಸ್ಯಾನ್ ಹೋಸೆ ಸದಸ್ಯ: ನಾನು ದ್ರೋಹಿ ಎನ್ನಲಿಲ್ಲ. ಮಾತು ತಿರುಚಬೇಡಿ.

ಬೆಂಗಳೂರು ಸದಸ್ಯ: ನಮ್ಮಲ್ಲೂ ಇದೆ ಬಿಡಿ. 2023ರ ಡಿಸೆಂಬರ್ 1ರಂದು ಇಲ್ಲಿ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಎಂದು ಇ-ಮೇಲ್ ಬಂದಿತ್ತು. ಮಗಳ ಶಾಲೆಗೆ ಬರಿಗಾಲಲ್ಲಿ ಓಡಿದ್ದೆ. ಎಲ್ಲವೂ ಹುಸಿ.

ಮೇಡಂ: ಆ ಓಟದ ಸಂಕಟ ನನಗೆ ಅರ್ಥವಾಗುತ್ತದೆ. ಅಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆತಂದು ಶ್ವಾನದಳದಿಂದ ಹುಡುಕಿಸಿದರು. ಹುಸಿ ಕರೆ ಎರಡೂ ಕಡೆ ಒಂದೇ. ಕರೆಗೆ ಏನು ಬರುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಹೆಸರು ಬೇಡ ಎಂದ ತಂದೆ: ಮೇಡಂ, ಮಗ 17. ಗೆಳೆಯರೊಂದಿಗೆ ಸೇರಿ ಒಂದು ಶಾಲೆಗೆ ಇಂಥ ಕರೆ ಮಾಡಿದೆವು, ಸುಮ್ಮನೆ ತಮಾಷೆಗೆ ಎನ್ನುತ್ತಿದ್ದಾನೆ. ಮೊಬೈಲ್‌ನಲ್ಲಿ ಇರುವುದನ್ನೆಲ್ಲ ಅಳಿಸಿದರೆ ಸಾಕೇ?

ಮೇಡಂ: ಏನನ್ನೂ ಅಳಿಸಬೇಡಿ. ಸಾಕ್ಷ್ಯ ನಾಶ ಇನ್ನೊಂದು ಅಪರಾಧವಾಗುತ್ತದೆ, ಅದರಲ್ಲಿ ನೀವೂ ಸಿಕ್ಕಿಬೀಳುತ್ತೀರಿ. ಇಲ್ಲಿ ಒಂದಕ್ಷರವನ್ನೂ ಬರೆಯದೆ ನಾಳೆ ಬೆಳಗ್ಗೆ ಕ್ರಿಮಿನಲ್ ವಕೀಲರ ಕಚೇರಿಗೆ ಮಗನನ್ನು ಕರೆದುಕೊಂಡು ಹೋಗಿ. ಕ್ಯಾಲಿಫೋರ್ನಿಯಾದ ಒಬ್ಬ ಹುಡುಗ ದೇಶದ ತುಂಬ 375ಕ್ಕೂ ಹೆಚ್ಚು ಇಂಥ ಕರೆ ಮಾಡಿದ್ದ. ಹಲವು ಕರೆ ಮಾಡುವಾಗ ಅವನೂ ಅಪ್ರಾಪ್ತ. 2025ರ ಫೆಬ್ರುವರಿಯಲ್ಲಿ ನಾಲ್ಕು ವರ್ಷ ಜೈಲಾಯಿತು. ತಮಾಷೆ ಎಂಬ ಪದವನ್ನು ನಿಮ್ಮ ಮನೆಯಲ್ಲಿ ಇನ್ನು ಬಳಸಬೇಡಿ.

ಫ್ರೀಮಾಂಟ್ ಸದಸ್ಯೆ: ಅಂಥ ಕೇಸ್ ಆದರೆ ಮಕ್ಕಳ ಎಚ್4 (ಅವಲಂಬಿತರ) ವೀಸಾಕ್ಕೆ ತೊಂದರೆಯೇ?

ಹ್ಯೂಸ್ಟನ್ ಸದಸ್ಯ: ಪೊಲೀಸರನ್ನು ಬೈಯುವ ವೇದಿಕೆಯಾಗಿದೆ ಈ ಗುಂಪು. ನಾನು ಹೊರಟೆ.

ಚಿಕಾಗೊ ಸದಸ್ಯೆ: ಹೋಗಿಬನ್ನಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಚರ್ಚೆ ಮುಚ್ಚುತ್ತೇನೆ.

ಅಟ್ಲಾಂಟ ಸದಸ್ಯ: ಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ ಹಾಕಿದರೆ ಸ್ವಾಟ್ ಪಡೆಗೂ ಒಡೆಯಲಾಗದು ಎಂಬ ವಿಡಿಯೊ ಬಂದಿದೆ, ಹಾಕಲೇ?

ಮೇಡಂ: ಬೇಡ. ಬೆಂಕಿ ಬಿದ್ದ ರಾತ್ರಿ ನಿಮ್ಮ ಮಕ್ಕಳನ್ನು ಹೊರಗೆ ತರಲು ಬರುವವರೂ ಅದೇ ಬಾಗಿಲು ಒಡೆಯಬೇಕು.

ಡಲ್ಲಾಸ್ ಬಳಿಯ ತಾಯಿ: ಅಕ್ಕ, ಠಾಣೆಯಿಂದ ಈಗ ಬಂದೆವು. ಅಧಿಕಾರಿ ಮುಕ್ಕಾಲು ಗಂಟೆ ಕೂರಿಸಿಕೊಂಡು ಎಲ್ಲ ಬರೆದುಕೊಂಡರು, ದೂರಿನ ಸಂಖ್ಯೆಯೂ ಸಿಕ್ಕಿತು. ಮಾವನವರನ್ನು ಮಹಡಿಗೆ ಕಳುಹಿಸಿದ್ದೇವೆ. ಪೈಜಾಮ ಮಾತ್ರ ಒಪ್ಪುತ್ತಿಲ್ಲ. ಕೈ ಮೇಲೆತ್ತಿದಾಗ ಪಂಚೆ ಜಾರಿ ಬಿದ್ದರೆ ಸೊಸೆಯ ಎದುರು ಏನು ಮಾಡಲಿ ಎಂದು ಮಗನನ್ನು ಕೇಳುತ್ತಿದ್ದಾರೆ.

ಮೇಡಂ: ಬೀಳಲಿ ಎಂದು ಹೇಳಿ. ಕೈ ಇಳಿಸಬಾರದು. ಅವರ ಕಿವಿಗೆ ಕೇಳುವ ಹೊತ್ತು ನೋಡಿ ನನಗೆ ಕರೆ ಮಾಡಿಸು ತಂಗಿ, ನಾನೇ ಮಾತನಾಡುತ್ತೇನೆ.