17 ವರ್ಷದ ಬೆಕ್ಕಿಗೆ ದಿನ ಬಿಟ್ಟು ದಿನ ಸೂಜಿ. ಇದು ಆರೈಕೆಯಾ, ಹಿಂಸೆಯಾ?

ಕತ್ತರಿಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸೂಜಿ ನನಗೆ ಹೊಸದಲ್ಲ. ಆದರೆ ಬಟ್ಟೆಗೆ ಚುಚ್ಚುವುದು ಬೇರೆ, ಮಡಿಲಲ್ಲಿ ಬೆಳೆದ ಜೀವಕ್ಕೆ ಚುಚ್ಚುವುದು ಬೇರೆ ಅಲ್ವಾ.

ನಮ್ಮ ಪುಟ್ಟಕ್ಕನಿಗೆ 17 ವರ್ಷ. ಬೂದು ಮೈ, ಕಪ್ಪು ಪಟ್ಟೆ, ಎಡಗಿವಿಯ ತುದಿ ಹರಿದಿದೆ. ಇಸ್ತ್ರಿ ಮಾಡಿಟ್ಟ ಬಟ್ಟೆಯ ಬಿಸಿಗೆ ಹೊಟ್ಟೆ ಒತ್ತಿಕೊಂಡು ಕಟಿಂಗ್ ಟೇಬಲ್ ಮೇಲೆ ಮಲಗುವುದು ಅವಳ ಕೆಲಸ. ಗಿರಾಕಿಗಳ ಬಟ್ಟೆಯಿಂದ ಅವಳ ಕೂದಲು ಹೆಕ್ಕುವುದು ನನ್ನ ಕೆಲಸ. ಹೀಗೇ ನಡೆದಿತ್ತು.

ಎಂಟು ತಿಂಗಳ ಹಿಂದೆ ನೀರು ಜಾಸ್ತಿ ಕುಡಿಯಲು ಶುರು ಮಾಡಿದಳು. ಟ್ರೇಯ ಮರಳಿನಲ್ಲಿ ದಿನಕ್ಕೆ ಎರಡಿರುತ್ತಿದ್ದ ಉಚ್ಚೆ ಉಂಡೆ ಐದಾಯಿತು. ಬಿಸಿಲಿಗೆ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ತೂಕ 4.6 ಕಿಲೋದಿಂದ 2.9ಕ್ಕೆ ಇಳಿದ ಮೇಲೆ ಡಾಕ್ಟರ ಹತ್ತಿರ ಹೋದದ್ದು. ಆ ತಡ ನನ್ನದೇ. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಲ್ಮಶ, 3.8 ಬಂತು. ಕಿಡ್ನಿ ಕಾಯಿಲೆ, ನಾಲ್ಕು ಹಂತಗಳಲ್ಲಿ ಮೂರನೆಯದು, ವಾಸಿಯಾಗುವಂಥದ್ದಲ್ಲ, ಆದರೆ ಚೆನ್ನಾಗಿ ನೋಡಿಕೊಂಡರೆ ದಿನ ದೂಡಬಹುದು ಅಂದರು. ಮನೆಯಲ್ಲೇ ದಿನ ಬಿಟ್ಟು ದಿನ 100 ಎಂಎಲ್ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ನೀರನ್ನು ಚರ್ಮದ ಕೆಳಗೆ ಕೊಡಲು ಕಲಿಸಿದರು.

ಮೊದಲ ಎರಡು ತಿಂಗಳು ಪರವಾಗಿರಲಿಲ್ಲ. ಹೆಗಲ ನಡುವೆ ಚರ್ಮ ಎತ್ತಿದರೆ ಬಿಟ್ಟ ಮೇಲೂ ನೆರಿಗೆ ಹಾಗೇ ನಿಲ್ಲುತ್ತಿತ್ತು. ಡ್ರಿಪ್ ಕೊಟ್ಟ ಮಾರನೇ ದಿನ ಅದೇ ನೆರಿಗೆ ಥಟ್ಟನೆ ಕೂರುತ್ತಿತ್ತು. ಊಟ ಮಾಡುತ್ತಿದ್ದಳು. ಈಗ ಡ್ರಿಪ್ ಬಾಟಲಿಯ ಕವರ್ ಸರಪರ ಅಂದರೆ ಸಾಕು, ವಾಷಿಂಗ್ ಮೆಷಿನ್ ಹಿಂದೆ ಹೋಗಿ ಕೂರುತ್ತಾಳೆ. ಎಳೆದು ತಂದು, ಟವೆಲ್ ಸುತ್ತಿ, ಟೇಬಲ್ ಮೇಲೆ ಹಿಡಿದುಕೊಂಡು 20 ನಿಮಿಷ. ಅವಳಿಗೆ ನೋವಾಗದಿರಲಿ ಅಂತ ಸಣ್ಣ ಸೂಜಿ ತಂದಿದ್ದೇನೆ, 23 ನಂಬರಿನದು. ಆದರೂ ಕೂಗುತ್ತಾಳೆ. ಟೇಬಲ್ ಮೇಲೆ ತಾನಾಗಿ ಹತ್ತುವುದನ್ನೂ ಬಿಟ್ಟಿದ್ದಾಳೆ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆ ನೋಡಿಕೊಂಡು ಊಳಿಡುತ್ತಾಳೆ.

ಮೊನ್ನೆ ಕೆಳಗಿನ ಮನೆಯವರು ಕಿಟಕಿಯಿಂದ ಇದನ್ನೆಲ್ಲ ನೋಡಿದರು. ಮೇಲೆ ಬಂದು, "ಇದು ಪ್ರಾಣಿಹಿಂಸೆ, ಕಂಪ್ಲೇಂಟ್ ಕೊಡ್ತೀನಿ" ಅಂದರು. ಕೈಯಲ್ಲಿ ಸೂಜಿ ಹಿಡಿದುಕೊಂಡು ನಿಂತಿದ್ದೆ, ಬಾಯಿಗೆ ಮಾತೇ ಬರಲಿಲ್ಲ. ನನ್ನ ತಮ್ಮ ಫೋನ್ ಮಾಡಿ "ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಕ್ಕ" ಅನ್ನುತ್ತಾನೆ. ಅತ್ತೆ, "ಕೊಲ್ಲೋಕೆ ನಾವ್ಯಾರು, ತಾನಾಗೇ ಹೋಗಲಿ ಬಿಡು" ಅನ್ನುತ್ತಾರೆ. ಗಿರಾಕಿಯೊಬ್ಬರು ಇದೇ ದುಡ್ಡಲ್ಲಿ ಹತ್ತು ಬೀದಿ ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿಸಬಹುದಿತ್ತು ಅಂದರು. ಅವರ ಬಟ್ಟೆ ಒಂದು ವಾರ ತಡವಾಗಿ ಕೊಟ್ಟೆ. ತಪ್ಪು, ಗೊತ್ತು.

ನನ್ನ ಪ್ರಶ್ನೆ ಇಷ್ಟೇ. ಇದನ್ನೆಲ್ಲ ಅವಳಿಗೋಸ್ಕರ ಮಾಡುತ್ತಿದ್ದೇನಾ, ನನಗೋಸ್ಕರವಾ? ಅದು ಹೇಗೆ ಗೊತ್ತಾಗುತ್ತೆ?

---

ಮೂರು ಬೆಕ್ಕಿನ ಮನೆ

ಅಕ್ಕ, ದೊಡ್ಡ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಆ 23 ನಂಬರ್ ಸೂಜಿ ಬದಲಾಯಿಸಿ. ಹೊಲಿಗೆ ಮೆಷಿನ್ ಸೂಜಿಯ ಲೆಕ್ಕ ಇಲ್ಲಿ ಉಲ್ಟಾ. ನಂಬರ್ ಏರಿದಷ್ಟೂ ಸೂಜಿ ಸಣ್ಣ. ಸಣ್ಣ ಸೂಜಿಯಲ್ಲಿ ನೀರು ಇಳಿಯೋದು ನಿಧಾನ. ಚುಚ್ಚಿದ ನೋವು ಒಂದು ಕ್ಷಣ, 20 ನಿಮಿಷ ಅದುಮಿ ಹಿಡಿದದ್ದೇ ಅವಳಿಗೆ ದೊಡ್ಡ ಶಿಕ್ಷೆ. ನಾನು 18 ಹಾಕುತ್ತಿದ್ದೆ, ಕೈ ನಡುಗುವ ದಿನ 20. ಐದಾರು ನಿಮಿಷಕ್ಕೆ ಮುಗಿಯುತ್ತಿತ್ತು. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ ಬದಲಾಯಿಸಿ. ಪ್ರತಿ ಸಲ ಹೊಸ ಸೂಜಿ ಬೇಕು. ಒಂದು ಸಲ ಬಳಸಿದ್ದು ಮೊಂಡಾಗಿರುತ್ತೆ, ಅದು ನಿಮಗೆ ನಾನು ಹೇಳಬೇಕಾಗಿಲ್ಲ.

ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ. ಎರಡು ಹನಿ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡಿ, ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ತಣ್ಣನೆ ನೀರು ಚರ್ಮದ ಕೆಳಗೆ ಇಳಿದರೆ ಯಾರಾದರೂ ಕೂಗುತ್ತಾರೆ. ಬಾಟಲಿ ಎತ್ತರದಲ್ಲಿ ಮೊಳೆಗೆ ನೇತು ಹಾಕಿ.

ಇನ್ನೊಂದು, ಅವಳು ಮಲಗುವ ಟೇಬಲ್ ಮೇಲೆ ಖಂಡಿತ ಮಾಡಬೇಡಿ. ಅವಳ ಜಾಗ ಅವಳಿಗೆ ಇರಲಿ. ಬೇರೆ ಮೂಲೆಯಲ್ಲಿ, ಅಂಚಿರುವ ರಟ್ಟಿನ ಡಬ್ಬದೊಳಗೆ ಕೂರಿಸಿ. ಟವೆಲ್ ಬಿಗಿಯಾಗಿ ಸುತ್ತಬೇಡಿ. ಅವಳಿಗೆ ಇಷ್ಟದ ನೆಕ್ಕುವ ತಿಂಡಿ ಏನಾದರೂ ಡ್ರಿಪ್ ಹೊತ್ತಿಗೆ ಮಾತ್ರ ಕೊಡಿ. ಕವರ್ ಬಿಚ್ಚುವ ಕೆಲಸ ಬಾಗಿಲು ಹಾಕಿಕೊಂಡು ಮೊದಲೇ ಮುಗಿಸಿಟ್ಟುಕೊಳ್ಳಿ. ಆಮೇಲೆ ಒಂದು ಭುಜದ ಕಡೆ ಗುಳ್ಳೆ ಜೋತು ಬಿದ್ದರೆ ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಇಳಿಯುತ್ತೆ. ನಮ್ಮನೆ ಹೆಣ್ಣು ಬೆಕ್ಕು ಒಂದೇ ತೋಳಿನ ಪೈಲ್ವಾನನ ಹಾಗೆ ಓಡಾಡುತ್ತಿತ್ತು.

---

ರಾತ್ರಿಪಾಳಿ

ಟೇಬಲ್ ಹತ್ತುತ್ತಿಲ್ಲ ಅಂದ್ರೆ ಮೈಕೈ ನೋವಿರಬೇಕು. ಅರ್ಧ ಪ್ಯಾರಾಸಿಟಮಾಲ್ ಕೊಟ್ಟು ನೋಡಿ.

---

ಕ್ಲಿನಿಕ್ ಸಹಾಯಕಿ

ದಯವಿಟ್ಟು ಕೊಡಬೇಡಿ! ಯಾರೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದೇ ಮಾತ್ರೆಗೆ ಜೀವ ಹೋಗಬಹುದು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರಾಡಲು ಒದ್ದಾಡುತ್ತಾ ಬಂದ ಬೆಕ್ಕುಗಳನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ. ತಂದವರೆಲ್ಲ ಒಳ್ಳೇದಾಗಲಿ ಅಂತಲೇ ಕೊಟ್ಟವರು. ರಾತ್ರಿಪಾಳಿಯವರೇ, ಬೈಯುತ್ತಿಲ್ಲ, ಆದರೆ ಆ ಸಾಲು ಅಳಿಸಿಬಿಡಿ.

ಕತ್ತರಿಅಕ್ಕ, ನಾನು 12 ವರ್ಷದಿಂದ ಪ್ರಾಣಿ ಕ್ಲಿನಿಕ್ಕಿನಲ್ಲಿ ಸಹಾಯಕಿ. ಡಾಕ್ಟರ್ ಅಲ್ಲ. ನಿಮ್ಮ ಬರಹದಲ್ಲಿ ನನಗೆ ಡ್ರಿಪ್‌ಗಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ಎರಡು ವಿಷಯ.

ರಾತ್ರಿಯ ಊಳು. ವಯಸ್ಸಾಯಿತು ಅಂತ ಬಿಟ್ಟುಬಿಡಬೇಡಿ. ಕಿಡ್ನಿ ಕಾಯಿಲೆ ಇರುವ ಬೆಕ್ಕುಗಳಲ್ಲಿ ಬಿಪಿ ಏರುವುದು ಸಾಮಾನ್ಯ. ಮೇಲಿನ ಅಂಕಿ 160 ದಾಟಿದರೆ ಬಿಪಿ ಇದೆ ಅನ್ನುತ್ತಾರೆ, 180ರ ಮೇಲೆ ಹೋದರೆ ಕಣ್ಣಿನ ಪರದೆ ಕಳಚಿ ರಾತ್ರೋರಾತ್ರಿ ಕುರುಡಾಗುವ ಅಪಾಯ ಇರುತ್ತೆ. ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತಾ ನೋಡಿ. ಬೆಕ್ಕಿನ ಮುಂಗಾಲಿಗೋ ಬಾಲಕ್ಕೋ ಪುಟ್ಟ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ಮಾತ್ರೆ ಇದೆ, ಆಮ್ಲೋಡಿಪಿನ್, ಅತಿ ಸಣ್ಣ ಡೋಸಿನಲ್ಲಿ. ಜೊತೆಗೆ ಥೈರಾಯ್ಡ್ ಕೂಡ ನೋಡಿಸಿ. ಮುದಿ ಬೆಕ್ಕುಗಳಲ್ಲಿ ಅದು ಜಾಸ್ತಿಯಾದರೂ ತೂಕ ಇಳಿಯುತ್ತೆ, ರಾತ್ರಿ ಕೂಗುತ್ತವೆ.

ಟೇಬಲ್ ಹತ್ತದಿರುವುದು. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರು. 90ರಲ್ಲಿ ಕೀಲು ಸವೆತ ಇತ್ತು. ಬೆಕ್ಕು ಕುಂಟುವುದಿಲ್ಲ, ಸುಮ್ನೆ ಹತ್ತುವುದನ್ನು ಬಿಡುತ್ತೆ. ನಾವು ಅದಕ್ಕೆ "ಸಾಧುವಾಗಿದೆ" ಅನ್ನುತ್ತೇವೆ. ನೀವು ಟವೆಲ್ ಸುತ್ತಿ ಒತ್ತಿ ಹಿಡಿದಾಗ ಕೂಗುವುದು ಸೂಜಿಗೋ ಸೊಂಟಕ್ಕೋ ಯಾರಿಗೆ ಗೊತ್ತು? ಕಿಡ್ನಿ ಕೆಟ್ಟ ಬೆಕ್ಕಿಗೆ ನೋವಿನ ಔಷಧಿಯನ್ನು ಡಾಕ್ಟರೇ ಆರಿಸಬೇಕು. ಆದರೆ ಆರಿಸುವಂಥದ್ದು ಇದೆ. ಬಾಯಿ ತೆರೆದು ಕೇಳಿ.

ಇನ್ನು ನೆರಿಗೆಯ ಪರೀಕ್ಷೆ. ವಯಸ್ಸಾದ, ಬಡಕಲಾದ ಬೆಕ್ಕಿನ ಚರ್ಮ ಹೇಗಿದ್ದರೂ ಸಡಿಲ. ಅದಕ್ಕಿಂತ ಒಸಡು ಮುಟ್ಟಿ ನೋಡಿ, ಅಂಟಂಟಾಗಿದ್ದರೆ ನೀರು ಕಡಿಮೆ. ಡ್ರಿಪ್ ಜಾಸ್ತಿಯಾದರೂ ತೊಂದರೆ. ಅವಳು ನಿದ್ದೆಯಲ್ಲಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. 30ರ ಮೇಲೆ ಹೋದರೆ ಡ್ರಿಪ್ ನಿಲ್ಲಿಸಿ ಫೋನ್ ಮಾಡಿ. ಎರಡು ದಿನ ಏನೂ ತಿನ್ನದಿದ್ದರೂ ಫೋನ್ ಮಾಡಿ, ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತೆ. ಹಸಿವು ಬರಿಸಲು, ವಾಂತಿ ತಡೆಯಲು ಎರಡಕ್ಕೂ ಔಷಧಿ ಇದೆ.

ಕಂಪ್ಲೇಂಟಿನ ಮಾತಿಗೆ ಹೆದರಬೇಡಿ. ಪ್ರಾಣಿಹಿಂಸೆಯ ಕಾನೂನುಗಳಲ್ಲಿ ಸಾಮಾನ್ಯವಾಗಿ ಬರುವ ಮಾತು "ಅನಗತ್ಯ ನೋವು". ಡಾಕ್ಟರು ಬರೆದುಕೊಟ್ಟ ಚಿಕಿತ್ಸೆ ಅದಾಗುವುದಿಲ್ಲ. ಚೀಟಿ, ರಕ್ತದ ರಿಪೋರ್ಟ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ನನಗೆ ನಿಮ್ಮ ಕೆಳಗಿನ ಮನೆಯವರ ಮೇಲೆ ಕೋಪವಿಲ್ಲ. ಬೆಕ್ಕು ಕೂಗಿದರೆ ಮೆಟ್ಟಿಲು ಹತ್ತಿ ಬರುವವರು ಎಷ್ಟು ಜನ? ನನಗೆ ಭಯವಾಗುವುದು ನಿಮ್ಮ ಅತ್ತೆಯವರ ಮಾತಿಗೆ. ಕಿಡ್ನಿ ಕಾಯಿಲೆಯಲ್ಲಿ "ತಾನಾಗೇ ಹೋಗುವುದು" ಅಂದರೆ ಬಾಯಲ್ಲಿ ಹುಣ್ಣು, ಬಿಡದ ವಾಕರಿಕೆ, ಅದೂ ದಿನಗಟ್ಟಲೆ. ಏನೂ ಮಾಡದೆ ನೋಡುತ್ತಾ ಕೂರುವುದೇ ಅಲ್ಲಿ ಹಿಂಸೆ.

ಹೇಗೆ ಗೊತ್ತಾಗುತ್ತೆ ಅಂದಿರಿ. ಆಲಿಸ್ ವಿಲ್ಲಾಲೋಬೋಸ್ ಅನ್ನುವ ಪಶುವೈದ್ಯೆ 2004ರಲ್ಲಿ ಒಂದು ಲೆಕ್ಕ ಮಾಡಿಕೊಟ್ಟರು. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯಾ ಅನ್ನುವುದು. ಏಳಕ್ಕೂ 10ರಲ್ಲಿ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಮೇಲಿದ್ದರೆ ಮುಂದುವರಿಸಬಹುದು ಅನ್ನುವುದು ಅವರ ಅಂದಾಜು. ನಾನು ನೋಡಿದ ಹಾಗೆ ಜನ ತಮಗೆ ಬೇಕಾದ ಮೊತ್ತ ಬರುವವರೆಗೆ ಅಂಕ ತಿದ್ದುತ್ತಾರೆ. ಹಾಗಾಗಿ ಕೊನೆಯದೊಂದನ್ನಾದರೂ ದಿನಾ ರಾತ್ರಿ, ಆ ದಿನದ್ದು ಆ ದಿನವೇ ಗುರುತು ಹಾಕಿ. ತಿಂಗಳಾದ ಮೇಲೆ ನೆನಪಿನಿಂದ ಬರೆಯಬೇಡಿ.

---

ಕರಿಯನ ಯಜಮಾನ

ನಾನು ಗುರುತು ಹಾಕಲಿಲ್ಲ. ಕರಿಯನಿಗೆ 15. ಅದೇ ಕಾಯಿಲೆ. "ನಾಳೆ ನೋಡೋಣ" ಅಂತ ಹನ್ನೊಂದು ದಿನ ತಳ್ಳಿದೆ. ಕೊನೆಗೆ ಅವನು ನೀರಿನ ಬಟ್ಟಲಿನ ಮುಂದೆ ಕೂತು, ಮೂತಿ ಬಟ್ಟಲಿನ ಅಂಚಿಗೆ ಆನಿಸಿ, ಕುಡಿಯದೆ ಹಾಗೇ ಇರುತ್ತಿದ್ದ. ಬಾಯಿಂದ ಅಮೋನಿಯಾ ವಾಸನೆ. ನಾನು ಪಕ್ಕದಲ್ಲಿ ಕೂತು ತಲೆ ಸವರುತ್ತಿದ್ದೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ.

ಡಾಕ್ಟರು ಮನೆಗೇ ಬಂದರು. ಮೊದಲು ನಿದ್ದೆಯ ಇಂಜೆಕ್ಷನ್. ಅವನು ನನ್ನ ತೊಡೆಯ ಮೇಲೆ ಪೂರ್ತಿ ಸಡಿಲವಾದ. ಎಷ್ಟೋ ದಿನದಿಂದ ಅವನ ಮೈ ಹಾಗೆ ಸಡಿಲ ಆಗಿರಲೇ ಇಲ್ಲ ಅಂತ ಆಗ ಗೊತ್ತಾಯಿತು. ಎರಡನೇ ಇಂಜೆಕ್ಷನ್ ಆದ ಮೇಲೆ ಕಣ್ಣು ತೆರೆದೇ ಇತ್ತು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಕಣ್ಣು ಮುಚ್ಚುವುದಿಲ್ಲ.

ನಿಮ್ಮದು ಇನ್ನೂ ಅಲ್ಲಿಗೆ ಬಂದಿಲ್ಲ ಅಕ್ಕ. ವಾಷಿಂಗ್ ಮೆಷಿನ್ ಹಿಂದೆ ಓಡುವ ಬೆಕ್ಕಿಗೆ ಓಡುವ ಮನಸ್ಸಾದರೂ ಇದೆ.

---

ಕತ್ತರಿಅಕ್ಕ

ಮೂರು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ.

ಬಿಪಿ 190 ಇತ್ತು. ಅಷ್ಟು ದಿನ ಅವಳು ಗೋಡೆಗೆ ಏನು ಹೇಳುತ್ತಿದ್ದಳೋ! ಮಾತ್ರೆ ಶುರುವಾಗಿದೆ. ನಾಲ್ಕನೇ ದಿನಕ್ಕೆ ರಾತ್ರಿಯ ಊಳು ನಿಂತಿತು. ಮೊದಲ ದಿನ ನಾನು ಎರಡು ಗಂಟೆಗೆ ಎದ್ದು, ಸದ್ದಿಲ್ಲವಲ್ಲ ಅಂತ ಹೆದರಿ, ಟಾರ್ಚ್ ಹಾಕಿ ಉಸಿರು ಎಣಿಸಿದೆ. 22. ಥೈರಾಯ್ಡ್ ಸರಿ ಇದೆ. ಸೊಂಟದ ಕೀಲು ಸವೆದಿದೆ, ಅದಕ್ಕೆ ಬೇರೆ ಇಂಜೆಕ್ಷನ್ ಕೊಟ್ಟಿದ್ದಾರೆ.

18 ನಂಬರ್ ಸೂಜಿ ನೋಡಿ ಎದೆ ಧಸಕ್ಕೆಂದಿತು. ಗೋಣಿ ಹೊಲಿಯುವ ದಬ್ಬಳದ ಹಾಗಿದೆ. ಆದರೆ ಬಟ್ಟೆಯ ಅಡ್ಡನೂಲಿಗೆ ಸೂಜಿ ಹಾಕುವ ಹಾಗೆ, ನೆರಿಗೆಯ ಬುಡದಲ್ಲಿ ಮಲಗಿಸಿ ಚುಚ್ಚಿದೆ. ಆರು ನಿಮಿಷ. ಡಬ್ಬದೊಳಗೆ ಕೂತು ನೆಕ್ಕುತ್ತಲೇ ಇದ್ದಳು. ಎರಡನೇ ಸಲ ಕೂಗಿದಳು. ಮೂರನೇ ಸಲ ಇಲ್ಲ. ನಿನ್ನೆ ಮತ್ತೆ ಓಡಿದಳು, ನಾನೂ ಎಳೆಯಲು ಹೋಗಲಿಲ್ಲ. ಒಂದು ದಿನ ತಪ್ಪಿದರೆ ಪರವಾಗಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಈ ಮಾತನ್ನು ನಾನು ಇಷ್ಟು ತಿಂಗಳಲ್ಲಿ ಒಂದು ಸಲವೂ ಕೇಳಿಯೇ ಇರಲಿಲ್ಲ.

ಟೇಬಲ್ಲಿಗೆ ಬಟ್ಟೆ ಥಾನಿನ ಮೆಟ್ಟಿಲು ಕಟ್ಟಿದ್ದೇನೆ, ಮೂರು ಹಂತ. ಎರಡು ಹತ್ತಿ ನಿಂತು ನನ್ನನ್ನು ನೋಡುತ್ತಾಳೆ. ಮೂರನೆಯದಕ್ಕೆ ನಾನು ಎತ್ತಬೇಕಂತೆ.

ಕೆಳಗಿನ ಮನೆಯವರಿಗೆ ಫೈಲ್ ತೋರಿಸಿದೆ. ಓದಲಿಲ್ಲ, "ಸರಿ" ಅಂದರು ಅಷ್ಟೆ. ಮಾತಿಲ್ಲ. ಅವರ ಮಗಳು ಮಾತ್ರ ಮೆಟ್ಟಿಲಲ್ಲಿ ಸಿಕ್ಕಿದಾಗ ಪುಟ್ಟಕ್ಕನ ತೂಕ ಎಷ್ಟಾಯಿತು ಅಂತ ಕೇಳುತ್ತಾಳೆ. 3.05 ಕಣಮ್ಮ.

ಗುರುತು ಹಾಕಲು ಎರಡು ಗಾಜಿನ ಸೀಸೆ ಇಟ್ಟಿದ್ದೇನೆ. ಒಳ್ಳೆಯ ದಿನಕ್ಕೆ ಬಿಳಿ ಗುಂಡಿ, ಕೆಟ್ಟ ದಿನಕ್ಕೆ ಕರಿ ಗುಂಡಿ. ಇವತ್ತಿಗೆ 13 ಬಿಳಿ, 7 ಕರಿ. ಕರಿ ಸೀಸೆ ಮುಂದೆ ಹೋದ ದಿನ ಡಾಕ್ಟರಿಗೆ ಫೋನ್ ಮಾಡುವುದು ಅಂತ ಅವರ ಹತ್ತಿರವೂ ತಮ್ಮನ ಹತ್ತಿರವೂ ಹೇಳಿಟ್ಟಿದ್ದೇನೆ, ಆಮೇಲೆ ನಾನು ಮಾತು ತಪ್ಪಬಾರದಲ್ಲ. ಮನೆಗೇ ಬರುತ್ತಾರಂತೆ. ಕಣ್ಣಿನ ವಿಷಯ ಹೇಳಿದ್ದಕ್ಕೆ ಕರಿಯನ ಯಜಮಾನರಿಗೆ ನನ್ನ ನಮಸ್ಕಾರ.

ಒಂದೇ ತೊಡಕು. ನಿನ್ನೆ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿ ಮೂಲೆಯಲ್ಲಿ ಮುದುಡಿದಳು. ಸಂಜೆ ಬಂದು ನನ್ನ ಟೇಪಿನ ತುದಿ ಕಚ್ಚಿಕೊಂಡು ಆಡಿದಳು, ಮರಿಯಲ್ಲಿದ್ದಾಗ ಆಡುತ್ತಿದ್ದ ಹಾಗೆ. ಇಂಥ ದಿನಕ್ಕೆ ಯಾವ ಗುಂಡಿ ಹಾಕೋದು?

---

ಮೂರು ಬೆಕ್ಕಿನ ಮನೆ

ಟೈಲರ್ ಮನೆಯಲ್ಲಿ ಬೂದು ಗುಂಡಿ ಇಲ್ವಾ ಅಕ್ಕ?