ಪದಚರ್ಚೆ: ಹೃದಯದ ‘ಏರುಪೇರು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿಕೊಂಡು ಮಲಗಿರುವವರ ಮನೆಯವರಿಗಾಗಿ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮಾನಿಟರ್, ಇಸಿಜಿ, ಅಲಾರಂ ಹಾಗೆಯೇ ಇರಲಿ, ಜನ ಆಡುವುದೇ ಹಾಗೆ. ಮಾನಿಟರಿಂಗಿಗೆ ‘ನಿಗಾ’ ಚೆನ್ನಾಗಿ ಒಗ್ಗುತ್ತದೆ. ‘ತೀವ್ರ ನಿಗಾ ಘಟಕ’ ಎಲ್ಲರ ಬಾಯಲ್ಲೂ ಇದೆ. ‘ಕಣ್ಗಾವಲು’ ಎಂದರೆ ರೋಗಿಯ ಮೇಲೇ ಅನುಮಾನ ಪಟ್ಟ ಹಾಗೆ.

ತೊಡಕು ಇರುವುದು ಅರಿತ್ಮಿಯಾದಲ್ಲಿ, ಅಂದರೆ ಬಡಿತದ ವೇಗವೋ ಲಯವೋ ಅದು ಹುಟ್ಟುವ ಜಾಗವೋ ಕೆಡುವ ತೊಂದರೆಯಲ್ಲಿ. ಪತ್ರಿಕೆಗಳಲ್ಲಿ ‘ಹೃದಯಬಡಿತದಲ್ಲಿ ಏರುಪೇರು’ ಎಂದು ಬರೆಯುತ್ತಾರೆ. ಅದನ್ನು ಓದಿದವರಿಗೆ ಹೊಳೆಯುವುದು ಎಣಿಕೆ: ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಇರಬೇಕಾದದ್ದು ಹೆಚ್ಚಾಯಿತು, ಇಲ್ಲವೇ ಕಡಿಮೆಯಾಯಿತು. ಮೆಟ್ಟಿಲು ಹತ್ತಿದರೂ ಬಡಿತ ಏರುತ್ತದಲ್ಲ! ‘ಲಯ ತಪ್ಪುವುದು’ ಎನ್ನೋಣವೆಂದರೆ, ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಲ್ಲಿ (ಹೃದಯದ ಕೆಳಕೋಣೆಯಲ್ಲೇ ಹುಟ್ಟುವ ಅತಿವೇಗದ ಬಡಿತ) ಬಡಿತ ಸಾಮಾನ್ಯವಾಗಿ ಒಂದೇ ಸಮನೆ, ಅಳೆದಿಟ್ಟಂತೆ ಬರುತ್ತದೆ. ಅಲ್ಲಿ ತಪ್ಪಿರುವುದು ಬಡಿತ ಹುಟ್ಟುವ ಜಾಗ. ಪ್ರಾಣಕ್ಕೆ ಎರವಾಗುವ ಸ್ಥಿತಿಯೇ ನಮ್ಮ ಪದದ ಹೊರಗೆ ಉಳಿದರೆ ಹೇಗೆ?

ಹೃದಯದ ಸ್ನಾಯು ಒಟ್ಟಾಗಿ ಹಿಂಡದೆ ಸುಮ್ಮನೆ ನಡುಗುವ ಫಿಬ್ರಿಲೇಷನ್ನಿಗೆ ಮಾತ್ರ ‘ಅದುರುವುದು’ ಎಂಬುದೇ ಸರಿ ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಕಣ್ಣು ಅದುರುತ್ತದೆ, ತುಟಿ ಅದುರುತ್ತದೆ. ಸ್ನಾಯು ನಮ್ಮ ಮಾತು ಕೇಳದೆ ನಡುಗುವುದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಇರುವ ಮಾತದು. ‘ಕಂಪನ’ದಲ್ಲಿ ಸ್ನಾಯು ಕಾಣುವುದಿಲ್ಲ. ಆದರೆ ಯಾವುದು ಅದುರುತ್ತಿದೆ ಎಂಬುದನ್ನು ಬಿಡುವಂತಿಲ್ಲ. ಹೃತ್ಕರ್ಣ, ಅಂದರೆ ಹೃದಯದ ಮೇಲುಕೋಣೆ, ಅದುರಿದರೆ ಬಡಿತ ಅಡ್ಡಾದಿಡ್ಡಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಆದರೂ ಔಷಧಿ ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಎಷ್ಟೋ ಜನ. ಹೃತ್ಕುಕ್ಷಿ, ಅಂದರೆ ಕೆಳಕೋಣೆ, ಅದುರಿತೆಂದರೆ ರಕ್ತ ಮುಂದೆ ಹೋಗುವುದೇ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ; ಎದೆ ಒತ್ತುತ್ತಾ, ತಡಮಾಡದೆ ಷಾಕ್ ಕೊಡಬೇಕು. ನಿಗಾ ಇಡುವುದೇ ಮುಖ್ಯವಾಗಿ ಈ ಗಳಿಗೆಗಾಗಿ. ಹೀಗೆ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುವ ‘ಹೃದಯಸ್ತಂಭನ’ವನ್ನು ‘ಹೃದಯಾಘಾತ’ ಎಂದು ಬರೆಯುವುದನ್ನು ದಯವಿಟ್ಟು ಬಿಡೋಣ. ಆಘಾತದಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ರೋಗಿ ಮಾತಾಡುತ್ತಲೂ ಇರಬಹುದು.

ಇನ್ನೊಂದು ಪದ ಬೇಕು. ರೋಗಿ ಹಲ್ಲುಜ್ಜುವಾಗ ಕೈ ಅಲುಗಿ, ಪರದೆಯ ಮೇಲೆ ಥೇಟ್ ಅಪಾಯದ ಲಯದಂಥ ಗೆರೆ ಮೂಡಿ ಅಲಾರಂ ಹೊಡೆದುಕೊಳ್ಳುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಇಂಥದ್ದಕ್ಕೆ ‘ಹುಸಿಗೆರೆ’ ಎಂದು ಬರೆದಿದ್ದೇನೆ, ಒಪ್ಪುತ್ತದೆಯೇ? ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗಳು ಯಾರಾದರೂ ಇಲ್ಲಿದ್ದರೆ, ರೋಗಿಯ ಮನೆಯವರಿಗೆ ಇದನ್ನೂ ಅರಿತ್ಮಿಯಾವನ್ನೂ ಯಾವ ಮಾತಿನಲ್ಲಿ ತಿಳಿಸುತ್ತೀರಿ ಎಂದು ಬರೆಯಿರಿ.